ಸೋಮವಾರದ ಮೀನು

ದೋಣಿ ನಡೆಸುವ ಯೂಜೀನ್ ಎಂಬ ಮುದುಕನ ಜೊತೆ ಹನ್ನೊಂದು ವರ್ಷದಿಂದ ಮೀನು ಹಿಡಿಯುತ್ತಿದ್ದೇನೆ ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ ಚಾಮರಾಜನಿಗೆ, ಆ ಮುದುಕನ ಮುಖವನ್ನು ಮೊದಲ ಸಲ ನೋಡಲು ಇನ್ನು ಅರ್ಧ ಗಂಟೆ ಮಾತ್ರ ಉಳಿದಿತ್ತು. ಬಿ ಆ್ಯಂಡ್ ಬಿ ಎಂಬ ತಂಗುಮನೆಯ ಮೇಲಿನ ಕೋಣೆಯಲ್ಲಿ ಮಂಚದ ತುದಿಗೆ ಕೂತು, ಮೊಬೈಲನ್ನು ದಿಂಬಿಗೆ ಒರಗಿಸಿಟ್ಟುಕೊಂಡು, ಅದರಲ್ಲಿ ಯಾರೋ ತೋರಿಸುತ್ತಿದ್ದ ಗಾಳ ಕಟ್ಟುವ ಗಂಟನ್ನು ತನ್ನ ಬೆರಳುಗಳಿಗೆ ಕಲಿಸಲು ನೋಡುತ್ತಿದ್ದ. ದಾರವನ್ನು ಐದು ಸುತ್ತು ಸುತ್ತಿ, ಬಾಲವನ್ನು ಮೊದಲ ಕುಣಿಕೆಯೊಳಗೆ ತೂರಿಸಿ, ಎಂಜಲು ಹಚ್ಚಿ ಎಳೆಯಬೇಕು. ಎಂಜಲು ಹಚ್ಚುವುದು ಅವನಿಗೆ ಹಿಡಿಸಲಿಲ್ಲ. ಎಳೆದಾಗಲೆಲ್ಲ ಗಂಟು ಜಾರಿ, ದಾರ ಗುಂಗುರು ಕೂದಲಿನ ಹಾಗೆ ಸುರುಳಿಗಟ್ಟಿ ತೊಡೆಯ ಮೇಲೆ ಬೀಳುತ್ತಿತ್ತು. ಕಿಟಕಿಯಾಚೆ ಲಾಕ್ ಆರೋ ಸರೋವರ ಮೇ ತಿಂಗಳ ಬೆಳಕಿನಲ್ಲಿ ಒಂದು ಅಲೆಯೂ ಇಲ್ಲದೆ ಬಿದ್ದುಕೊಂಡಿತ್ತು. ಅದರ ದ್ವೀಪಗಳ ಹೆಸರು ಅವನಿಗೆ ಗೊತ್ತಿತ್ತು, ಯಾವ ದ್ವೀಪದ ಯಾವ ಬದಿಯಲ್ಲಿ ಯಾವ ಗಾಳಿಗೆ ಟ್ರೌಟ್ ಮೀನು ಮೇಲೆ ಬರುತ್ತದೆ ಎನ್ನುವುದೂ ಗೊತ್ತಿತ್ತು. ಯಾವುದು ಯಾವ ದ್ವೀಪ ಎಂದು ಮಾತ್ರ ಗೊತ್ತಾಗಲಿಲ್ಲ.

ಎಲ್ಲಕ್ಕೂ ಮೂಲ ಕೆವಿನ್ ಎಳೆದುಕೊಂಡ ಒಂದು ಕುರ್ಚಿ. ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನಲ್ಲಿದ್ದ ಆ ಆಫೀಸಿಗೆ ಚಾಮರಾಜ ಸೇರಿದ ಹೊಸತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಟೀ ಹಿಡಿದುಕೊಂಡು ಅಡುಗೆಕಟ್ಟೆಯ ಪಕ್ಕದ ಉದ್ದ ಮೇಜಿಗೆ ಸೇರುತ್ತಿದ್ದರು. ಒಬ್ಬ ಬೆಟ್ಟ ಹತ್ತಿ ಬಂದಿರುತ್ತಿದ್ದ, ಒಬ್ಬಳು ಸಮುದ್ರದಲ್ಲಿ ಈಜಿರುತ್ತಿದ್ದಳು, ಮತ್ತೊಬ್ಬನಿಗೆ ಮ್ಯಾಚಿನಲ್ಲಿ ಮಂಡಿ ಉಳುಕಿರುತ್ತಿತ್ತು. ಚಾಮರಾಜನ ಶನಿವಾರ ಭಾನುವಾರ ಅಂದರೆ ಬಟ್ಟೆ ಒಗೆಯುವುದು, ವಾರಕ್ಕಾಗುವಷ್ಟು ದೋಸೆಹಿಟ್ಟು ರುಬ್ಬುವುದು, ಮಗಳು ತನ್ವಿಯನ್ನು ಡಾನ್ಸ್ ಕ್ಲಾಸಿಗೆ ಬಿಟ್ಟು ಕಾರಿನಲ್ಲೇ ಕಾಯುವುದು. ಒಮ್ಮೆ ಭಜನೆಗೆ ಹೋಗಿದ್ದೆ ಎಂದು ಹೇಳಿದಾಗ ಎಲ್ಲರೂ ತುಂಬ ಮರ್ಯಾದೆಯಿಂದ ತಲೆಯಾಡಿಸಿದ್ದರು. ಆ ಮರ್ಯಾದೆ ಅವನನ್ನು ಮೇಜಿನಿಂದ ಒಂದು ಮೊಳ ಹಿಂದಕ್ಕೆ ತಳ್ಳಿತ್ತು. ಅದಾದ ಕೆಲವು ವಾರಕ್ಕೆ ಟೀಮ್ ಲೀಡ್ ಕೆವಿನ್, ಬಾಗಿಲ ಕಡೆ ಹೊರಟವನು, ಸೌಜನ್ಯಕ್ಕೆಂದು ನಿಂತು, ನೀನೇನು ಮಾಡಿದೆ ವೀಕೆಂಡಿನಲ್ಲಿ ಎಂದು ಕೇಳಿದ. ಹಿಂದಿನ ಸಂಜೆ ಗೆಳೆಯ ವಿನ್ಸೆಂಟ್ ಫೋನಿನಲ್ಲಿ ಹೇಳಿದ್ದೆಲ್ಲ ಚಾಮರಾಜನ ಬಾಯಲ್ಲಿ ಇನ್ನೂ ಬಿಸಿಯಾಗಿತ್ತು. ಲಾಕ್ ಆರೋದಲ್ಲಿದ್ದೆ, ದೋಣಿಯಲ್ಲಿ, ಎಂದುಬಿಟ್ಟ. ಕೆವಿನ್ ಬಾಗಿಲಿನಿಂದ ವಾಪಸು ಬಂದು, ಒಂದು ಕುರ್ಚಿ ಎಳೆದುಕೊಂಡು, ಅವನ ಎದುರಿಗೆ ಕೂತ. ನೆಲಕ್ಕೆ ಆ ಕುರ್ಚಿಯ ಕಾಲು ಉಜ್ಜಿದ ಸದ್ದನ್ನು ಚಾಮರಾಜ ಇವತ್ತಿಗೂ ಮರೆತಿರಲಿಲ್ಲ. ಈ ದೇಶದಲ್ಲಿ ಅವನಿಗಾಗಿ ಯಾರೋ ಕುರ್ಚಿ ಎಳೆದುಕೊಂಡಿದ್ದು ಅದೇ ಮೊದಲು.

ವಿನ್ಸೆಂಟ್ ಕರಾವಳಿಯ ಶಿರ್ವದವನು. ಡಬ್ಲಿನ್ನಿಗೆ ಬಂದ ಮೊದಲ ವರ್ಷ ಬ್ಯೂಮಾಂಟಿನ ಒಂದು ಬಾಡಿಗೆ ಮನೆಯಲ್ಲಿ ಇಬ್ಬರೂ ಅಕ್ಕಪಕ್ಕದ ಕೋಣೆಗಳಲ್ಲಿದ್ದರು. ಮೈಸೂರಿನ ಕಡೆಯ, ಮೊಟ್ಟೆಯನ್ನೂ ಮುಟ್ಟದ ಚಾಮರಾಜನಿಗೂ, ಮೀನಿಲ್ಲದ ಊಟವನ್ನು ಊಟ ಎಂದು ಒಪ್ಪದ ವಿನ್ಸೆಂಟನಿಗೂ ಹೇಗೋ ಹೊಂದಿಕೆಯಾಯಿತು. ಆಮೇಲೆ ವಿನ್ಸೆಂಟ್ ಮದುವೆಯಾಗಿ, ನರ್ಸ್ ಕೆಲಸ ಸಿಕ್ಕಿ ಲಾಕ್ ಆರೋಗೆ ಹತ್ತಿರದ ಸ್ಲೈಗೋ ಊರಿಗೆ ಹೋದ. ಅಲ್ಲಿ ಯಾರೋ ರೋಗಿಯೊಬ್ಬ ಅವನಿಗೆ ಮೀನಿನ ಹುಚ್ಚು ಹಿಡಿಸಿದ. ರಜೆಯ ದಿನ ಸರೋವರಕ್ಕೆ ಹೋಗಿ ಯೂಜೀನನ ದೋಣಿ ಹತ್ತುವನು, ಭಾನುವಾರ ಸಂಜೆ ಫೋನ್ ಮಾಡಿ ಎಲ್ಲ ಹೇಳುವನು: ಗಾಳಿ ಹೇಗಿತ್ತು, ಯೂಜೀನ್ ಏನೆಂದು ಬೈದ, ಮೀನು ಎಷ್ಟು ದಾರ ಎಳೆದುಕೊಂಡು ಹೋಯಿತು. "ಎಂತ ಮಾರಾಯ, ಒಂದ್ಸಲ ಬಾ. ನೀನು ಹಿಡಿಯುದು ಬೇಡ, ಸುಮ್ನೆ ಕೂತ್ಕೋ," ಎಂದು ಪ್ರತಿ ಸಲವೂ ಕರೆಯುತ್ತಿದ್ದ. ಬರ್ತೀನಿ, ಈ ಸಲ ಆಗಲ್ಲ, ಮುಂದಿನ ತಿಂಗಳು ಖಂಡಿತ ಎಂದು ಚಾಮರಾಜ ಹನ್ನೊಂದು ವರ್ಷ ಹೇಳಿದ. ಮರುದಿನ ಹತ್ತೂವರೆಗೆ ಆ ಗಾಳಿಯನ್ನೂ ಬೈಗುಳವನ್ನೂ ಮೀನನ್ನೂ ಉದ್ದ ಮೇಜಿನ ಮೇಲೆ ತನ್ನದೆಂದು ಇಡುತ್ತಿದ್ದ. ಮೊದಲ ವರ್ಷ ಸಿಕ್ಕಿಬೀಳುವ ಭಯವಿತ್ತು. ಬರಬರುತ್ತಾ ಹೇಳುವಾಗ ಅಂಗೈಯಲ್ಲಿ ನಿಜವಾಗಿಯೂ ಕೋಲು ಬಾಗಿದ ಭಾರ ಸಿಗತೊಡಗಿತು.

ಈ ಏಪ್ರಿಲಿನಲ್ಲಿ, ಮೊಣಕೈ ನೋವು, ಈ ಸೀಸನ್ ಗಾಳ ಹಾಕೋಕಾಗಲ್ಲ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದುದನ್ನು ನೋಡಿ ಎಲ್ಲರಿಗೂ ಮರುಕ ಹುಟ್ಟಿತು. ಐವತ್ತನೆಯ ಹುಟ್ಟುಹಬ್ಬಕ್ಕೆ ಕೇಕಿನ ಜೊತೆ ಉದ್ದನೆಯ ಪೆಟ್ಟಿಗೆಯಲ್ಲಿ ಗಾಳದ ಕೋಲು, ಒಂದು ಹೊಸ ರಾಡ್ ಕೊಟ್ಟರು. ಜೊತೆಗೆ ಲಾಕ್ ಆರೋದ ದಡದಲ್ಲಿ ಎರಡು ರಾತ್ರಿಯ ವಾಸ, ಒಂದು ಇಡೀ ದಿನ ಯೂಜೀನನ ದೋಣಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಯೂಜೀನನ ನಂಬರನ್ನು ಕೆವಿನ್ನೇ ಹುಡುಕಿ ತೆಗೆದು ಮಾತಾಡಿದ್ದ. "ನೀನು ಅಂತ ಹೇಳಿದ್ದೇ ತಡ, ಮುದುಕನಿಗೆ ಬಹಳ ಖುಷಿಯಾಯಿತು," ಎಂದ. ಮೂರು ವಾರದಿಂದ ಚಾಮರಾಜ ಆ ಮಾತನ್ನೇ ತಿರುವಿಹಾಕುತ್ತಿದ್ದ. ಯಾರೆಂದೇ ಗೊತ್ತಿಲ್ಲದವನ ಹೆಸರು ಕೇಳಿ ಮುದುಕನಿಗೇಕೆ ಖುಷಿಯಾಗಬೇಕು? ಕೆವಿನ್ ಎಲ್ಲ ತಿಳಿದುಕೊಂಡೇ ಆಟ ಆಡಿಸುತ್ತಿದ್ದಾನೆಯೇ? ಮನೆಯಲ್ಲಿ ಪೆಟ್ಟಿಗೆ ನೋಡಿ ಹೆಂಡತಿ ಚಿತ್ರಾ, ಇದೇನು ಎಂದು ಕೇಳಿದಳು. ಏನೋ ತಮಾಷೆಗೆ ಹೇಳಿದ್ದೆ, ಹಿಂಗಾಯ್ತು ಎಂದ. "ಡ್ಯಾಡ್, ಯು ಡೋಂಟ್ ಈವನ್ ಈಟ್ ಎಗ್ಸ್," ಎಂದು ತನ್ವಿ ನಕ್ಕಳು. ಚಿತ್ರಾ ನಗಲಿಲ್ಲ. ಹೋಗಿ, ಸುಮ್ಮನೆ ನೀರು ನೋಡ್ಕೊಂಡಾದ್ರೂ ಬನ್ನಿ, ವಿನ್ಸೆಂಟ್ ತೀರಿಕೊಂಡಾಗಿಂದ ನೀವು ನೀವಾಗಿಲ್ಲ ಎಂದಳು.

ದೋಣಿ ಕಟ್ಟುವ ಜೆಟ್ಟಿಯ ಮೇಲೆ ನಿಂತಿದ್ದ ಯೂಜೀನ್ ಅವನ ಕಲ್ಪನೆಗಿಂತ ಗಿಡ್ಡ. ಎಪ್ಪತ್ತೈದು ದಾಟಿರಬೇಕು. ಉಣ್ಣೆಯ ಟೊಪ್ಪಿ, ಅದರ ಸುತ್ತ ಗರಿ ದಾರ ಸುತ್ತಿ ಹುಳುಗಳ ಹಾಗೆ ಮಾಡಿದ ಗಾಳಗಳು. ಫ್ಲೈ ಎಂದು ಹೆಸರು. ಅವುಗಳ ಜಾತಿಯನ್ನೆಲ್ಲ ಚಾಮರಾಜ ಬಾಯಿಪಾಠ ಹೇಳಬಲ್ಲ. ಬಿ ಆ್ಯಂಡ್ ಬಿಯ ಹೆಂಗಸು ಬುತ್ತಿಯ ಡಬ್ಬಿ ಕೊಡಲು ಜೆಟ್ಟಿಯವರೆಗೂ ಬಂದಿದ್ದಳು. ಯೂಜೀನ್ ಎರಡೂ ಕೈಯಿಂದ ಚಾಮರಾಜನ ಕೈ ಹಿಡಿದು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, ಮತ್ತೆ ನೋಡಿ ಸಂತೋಷವಾಯಿತು ಎಂದ. ಚಾಮರಾಜನ ಕಿವಿ ಬಿಸಿಯಾಯಿತು. ಇದು ಕರುಣೆಯೋ ಕುಚೋದ್ಯವೋ, ಅಥವಾ ಮುದುಕನಿಗೆ ಅರಳುಮರಳೋ? ಹೌದು, ತುಂಬ ದಿನ ಆಯ್ತು ಎಂದು ತನ್ನ ಬಾಯಿ ಹೇಳುತ್ತಿರುವುದನ್ನು ಅವನೇ ಕೇಳಿಸಿಕೊಂಡ.

ದೋಣಿ ದಡ ಬಿಟ್ಟು ಕಾಲು ಗಂಟೆ ಹೋದ ಮೇಲೆ ಯೂಜೀನ್ ಮೋಟಾರು ನಿಲ್ಲಿಸಿದ. ಸದ್ದು ನಿಂತ ಕೂಡಲೇ ನೀರು ದೊಡ್ಡದಾಯಿತು. ಮೇಫ್ಲೈ ಎಂಬ ಹುಳು ಏಳುವ ಕಾಲ ಅದು. ತೆಳು ಹಸಿರು ರೆಕ್ಕೆಯವು ನೀರಿನ ಮೈಯಿಂದ ಒಂದೊಂದಾಗಿ ಬಿಡಿಸಿಕೊಂಡು, ರೆಕ್ಕೆ ಒಣಗುವವರೆಗೆ ಪುಟ್ಟ ಹಾಯಿದೋಣಿಗಳಂತೆ ತೇಲುತ್ತಿದ್ದವು. ಅಲ್ಲೊಂದು ಇಲ್ಲೊಂದು ಕಡೆ ನೀರು ಸಣ್ಣಗೆ ಬಾಯಿ ತೆರೆದು ಮುಚ್ಚುತ್ತಿತ್ತು, ಒಂದು ಹಾಯಿ ಕಾಣೆಯಾಗುತ್ತಿತ್ತು. ಇದನ್ನೆಲ್ಲ ವಿನ್ಸೆಂಟ್ ಹೇಳಿದ್ದ, ಆದರೆ ಸದ್ದಿನ ವಿಷಯ ಹೇಳಿರಲಿಲ್ಲ. ಮುತ್ತು ಕೊಟ್ಟಂಥ ಒಂದು ಸಣ್ಣ ಸದ್ದು. ಅಥವಾ ಹೇಳಿದ್ದನೇನೋ. ಆಫೀಸಿನಲ್ಲಿ ಹೇಳಲು ಬಾರದ್ದನ್ನು ಚಾಮರಾಜ ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಯೂಜೀನ್ ಕಾಯುತ್ತಿದ್ದ. ಚಾಮರಾಜ ಎದ್ದು ನಿಲ್ಲಲು ಹೋಗಿ, ಕೂತೇ ಹಾಕಬೇಕು ಎಂದು ನೆನಪಾಗಿ ಕೂತು, ಹೊಸ ರಾಡನ್ನು ತಲೆಯ ಮೇಲಕ್ಕೆ ಬೀಸಿದ. ಗಾಳ ಅವನ ಬೆನ್ನಿಗೇ ಕಚ್ಚಿಕೊಂಡಿತು. ಎರಡನೆಯ ಸಲ ಯೂಜೀನನ ಟೊಪ್ಪಿಯನ್ನು ಹಾರಿಸಿಕೊಂಡು ಹೋಗಿ ನೀರಿಗೆ ಹಾಕಿತು. ಮುದುಕ ಹುಟ್ಟಿನ ತುದಿಯಿಂದ ಟೊಪ್ಪಿಯನ್ನು ಎತ್ತಿ, ಹಿಂಡಿ, ಮಂಡಿಯ ಮೇಲೆ ಒಣಗಲು ಹರವಿದ. ಬೋಳುತಲೆಯ ಮೇಲೆ ಬಿಸಿಲು ಬಿತ್ತು. ಆ ತಲೆಯನ್ನು ನೋಡುತ್ತ ನೋಡುತ್ತ ಚಾಮರಾಜನಿಗೆ ಇನ್ನು ಹೊರಲಾರೆ ಎನ್ನಿಸಿತು.

"ನಾನು ಯಾವತ್ತೂ ಹಿಡಿದಿಲ್ಲ," ಎಂದ. "ಒಂದು ಮೀನನ್ನೂ."

"ಗೊತ್ತು," ಎಂದ ಯೂಜೀನ್. "ನೀನು ವಿನ್ಸೆಂಟನ ಸೋಮವಾರದವನಲ್ಲವಾ?"

ಆಮೇಲೆ ಅವನು ಹೇಳಿದ್ದೆಲ್ಲ ನಿಧಾನವಾಗಿ, ತುಂಡುತುಂಡಾಗಿ, ನಡುನಡುವೆ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸುತ್ತ ಹೇಳಿದ್ದು. ಎಷ್ಟೋ ವರ್ಷದ ಹಿಂದೆಯೇ ವಿನ್ಸೆಂಟನಿಗೆ ವಿಷಯ ಗೊತ್ತಾಗಿತ್ತಂತೆ. ಡಬ್ಲಿನ್ನಿನಿಂದ ಬಂದ ಯಾರೋ ಗಾಳದವರು, ನಮ್ಮ ಆಫೀಸಿನಲ್ಲೂ ಒಬ್ಬ ಇಂಡಿಯನ್ ಇದ್ದಾನೆ, ಈ ಸರೋವರಕ್ಕೇ ಬರುತ್ತಾನೆ ಎಂದು ಈ ದೋಣಿಯಲ್ಲೇ ಕೂತು ಹೇಳಿದ್ದರು. ವಿನ್ಸೆಂಟ್ ಅವರ ಮುಂದೆ ತುಟಿ ಬಿಚ್ಚಲಿಲ್ಲ. ಅವರು ಇಳಿದುಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಭಾನುವಾರ ಮಧ್ಯಾಹ್ನವಾಗುತ್ತಿದ್ದಂತೆ, ಯೂಜೀನ್, ನನ್ನ ಗೆಳೆಯನಿಗೆ ಸೋಮವಾರಕ್ಕೆ ಏನಾದರೂ ಬೇಕಲ್ಲ ಎನ್ನುವನು. ಮೀನು ಸಿಕ್ಕದ ದಿನ ಇಬ್ಬರೂ ಕೂತು ಒಂದನ್ನು ಕಟ್ಟುತ್ತಿದ್ದರು. ತೂಕ ಜಾಸ್ತಿ ಮಾಡಬಾರದು ಎಂದು ವಿನ್ಸೆಂಟ್ ಎಚ್ಚರಿಕೆ ಹೇಳುವನು. ಗಾಳಿ, ಹುಳುವಿನ ಹೆಸರು, ಹೊತ್ತು ಎಲ್ಲವೂ ಸರಿಯಾಗಿರಬೇಕು, ಗೊತ್ತಿರುವವರು ಯಾರಾದರೂ ಕೇಳಿದರೆ ಪಾಪ ಅವನು ಸಿಕ್ಕಿಹಾಕಿಕೊಳ್ಳಬಾರದು.

ಚಾಮರಾಜ ದೋಣಿಯ ಅಡ್ಡಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅವಮಾನ ಬರುತ್ತದೆ ಎಂದು ಕಾದ. ಬಂತು, ಆದರೆ ಅವನು ಅಂದುಕೊಂಡಿದ್ದ ರೂಪದಲ್ಲಿ ಅಲ್ಲ. ಎಂಟು ವರ್ಷವೋ ಒಂಬತ್ತು ವರ್ಷವೋ ತಾನು ಕದಿಯುತ್ತಿದ್ದೇನೆ ಎಂದುಕೊಂಡದ್ದನ್ನು ವಿನ್ಸೆಂಟ್ ತಾನಾಗಿ ಪೊಟ್ಟಣ ಕಟ್ಟಿ ಕಳಿಸುತ್ತಿದ್ದ. ಕಳ್ಳನೆಂಬ ಹೆಸರೂ ತನಗೆ ಉಳಿಯಲಿಲ್ಲ. ನಗುತ್ತಿದ್ದನೇ ನನ್ನ ಬಗ್ಗೆ, ಎಂದು ಕೇಳಿದ. ಯೂಜೀನ್ ಯೋಚಿಸಿ, ಇಲ್ಲ, ಮಗುವಿಗೆ ಶಾಲೆಗೆ ಬುತ್ತಿ ಕಟ್ಟುವವರು ಹೇಗಿರುತ್ತಾರೋ ಹಾಗಿರುತ್ತಿದ್ದ ಎಂದ. ಆಮೇಲೆ, ಮರೆಯುವ ಮುಂಚೆ ಹೇಳಿಬಿಡುತ್ತೇನೆ ಎನ್ನುವ ಹಾಗೆ ಹೇಳಿದ: ಕಾಯಿಲೆ ಬಿದ್ದ ಮೇಲೆ ಆ ಬೇಸಿಗೆ ಅವನು ದೋಣಿ ಹತ್ತಲಿಲ್ಲವಲ್ಲ, ಆಗ ನಾನೇ ಭಾನುವಾರ ಫೋನ್ ಮಾಡಿ ಹೇಳುತ್ತಿದ್ದೆ. ಅವನು ನಿನಗೆ ಹೇಳುತ್ತಿದ್ದ.

ಹೋದ ವರ್ಷದ ಆಗಸ್ಟು. ಹಳೇದೊಂದುಂಟು ಮಾರಾಯ, ನಿಂಗೆ ಹೇಳಿರ್ಲಿಲ್ಲ ಎಂದು ಶುರುಮಾಡುತ್ತಿದ್ದ ವಿನ್ಸೆಂಟನ ದನಿ, ವಾಕ್ಯದ ನಡುವೆ ಉಸಿರಿಗೆ ನಿಲ್ಲುತ್ತಿತ್ತು. ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಚಾಮರಾಜ ಸ್ಲೈಗೋಗೆ ಒಂದೇ ಸಲ ಹೋಗಿದ್ದ. ಮಂಚದ ಮೇಲಿನ ಮನುಷ್ಯ ಅಷ್ಟು ಸಣ್ಣಗಾಗಿದ್ದುದನ್ನು ನೋಡಿದ ಮೇಲೆ ಕೆಲಸ ಜಾಸ್ತಿ ಎಂದು ಹೇಳುವುದು ಸುಲಭವಾಯಿತು. ಫೋನಿನಲ್ಲಿ ಮಾತ್ರ ವಿನ್ಸೆಂಟ್ ಹಳೆಯ ಗಾತ್ರದಲ್ಲೇ ಇದ್ದ. ಸೆಪ್ಟೆಂಬರಿನ ಕೊನೆಯ ಶನಿವಾರ ಬೆಳಿಗ್ಗೆ ತೀರಿಕೊಂಡ. ಬುಧವಾರ ಮಣ್ಣು. ಚಾಮರಾಜ ಚಿತ್ರಾಳ ಜೊತೆ ಹೋಗಿ ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತು, ವಿನ್ಸೆಂಟನ ಹೆಂಡತಿ ಜೋಯ್ಸಳ ಕೈ ಮುಟ್ಟಿ ಬಂದ. ಆದರೆ ಆ ಶನಿವಾರಕ್ಕೂ ಬುಧವಾರಕ್ಕೂ ನಡುವೆ ಒಂದು ಸೋಮವಾರ ಇತ್ತು. ಅವತ್ತು ಹತ್ತೂವರೆಗೆ ಕೆವಿನ್, ಏನಪ್ಪಾ ಸೀಸನ್ನಿನ ಕೊನೆಯ ವಾರ, ಸಿಕ್ಕಿತಾ ಎಂದು ಕೇಳಿದ. ಚಾಮರಾಜನಿಗೆ ಸಾವಿನ ಸುದ್ದಿ ಬಂದಿತ್ತು, ಆ ಭಾನುವಾರ ಯಾರೂ ಫೋನ್ ಮಾಡಿ ಮೀನಿನ ಕಥೆ ಹೇಳಿರಲಿಲ್ಲ. ಸಿಕ್ಕಿತು, ಮೂರು ಪೌಂಡಿನದು, ದ್ವೀಪದ ನೆರಳಿನಲ್ಲಿ ಎಂದು ಅವನು ಶುರುಮಾಡಿ, ಪೂರ್ತಿ ಮುಗಿಸಿದ. ಚೆನ್ನಾಗಿಯೇ ಹೇಳಿದ. ಎಲ್ಲರೂ ನಕ್ಕರು. ಅದೊಂದೇ ಕಥೆ ಅವನು ಸ್ವಂತ ಮಾಡಿದ್ದು. ವಿನ್ಸೆಂಟ್ ಆಗ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿದ್ದ.

ಇದನ್ನು ಅವನು ಯೂಜೀನನಿಗೆ ಹೇಳಲಿಲ್ಲ. ಯೂಜೀನ್ ಅವನ ಹಿಂದೆ ಬಂದು ಕೂತು, ಅವನ ಮುಂಗೈ ಮೇಲೆ ತನ್ನ ಒರಟು ಅಂಗೈ ಇಟ್ಟು, ರಾಡನ್ನು ಗಡಿಯಾರದ ಹತ್ತರಿಂದ ಒಂದರವರೆಗೆ ಮಾತ್ರ ಆಡಿಸಲು ಕಲಿಸಿದ. ಐವತ್ತು ವರ್ಷದವನ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ. ಅವತ್ತು ಅವನಿಗೆ ಮೀನು ಸಿಗಲಿಲ್ಲ. ಸಂಜೆ ದಡಕ್ಕೆ ಬಂದಾಗ ಮೊಬೈಲಿನಲ್ಲಿ ಕೆವಿನ್ನನ ಮೆಸೇಜಿತ್ತು: ಫೋಟೋ ಎಲ್ಲಿ, ಎಲ್ಲರೂ ಕಾಯುತ್ತಿದ್ದೇವೆ. ಯೂಜೀನ್ ಮಧ್ಯಾಹ್ನ ಒಂದು ಒಳ್ಳೆಯ ಮೀನು ಹಿಡಿದಿದ್ದ. ಬಿಡುವ ಮುಂಚೆ ಚಾಮರಾಜನ ಕೈಗೆ ಕೊಟ್ಟು ಫೋಟೋ ತೆಗೆಯಲೇ ಎಂದು ಕೇಳಿಯೂ ಇದ್ದ. ಬೇಡ ಎಂದಿದ್ದ ಚಾಮರಾಜ. ಹಾಗೆಂದು ಏನೋ ಸಾಧಿಸಿದೆ ಎನ್ನಿಸಲಿಲ್ಲ. ಹಲ್ಲುನೋವಿನಲ್ಲಿ ಸಿಹಿ ಬೇಡವೆಂದ ಹಾಗೆ ಅಷ್ಟೆ. ಕೆವಿನ್ನನಿಗೆ ಉತ್ತರ ಬರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಗಾಳಿ ಎದ್ದಿತ್ತು. ದೋಣಿ ಇಳಿಸುವ ಹಾಗಿಲ್ಲ, ಬೇಕಾದರೆ ಮರೆಯಲ್ಲಿರುವ ಆ ಕಲ್ಲುದಿಣ್ಣೆಯ ಮೇಲೆ ನಿಂತು ಹಾಕು ಎಂದು ಯೂಜೀನ್ ತನ್ನ ಬಲೆಯನ್ನೂ ಒಂದು ಚೀಲವನ್ನೂ ಕೊಟ್ಟು ಪ್ರಾರ್ಥನೆಗೆ ಹೋದ. ಸಣ್ಣ ಮೀನನ್ನು ಬಿಡಬೇಕು, ದೊಡ್ಡದನ್ನು ಬಿಟ್ಟರೂ ಆಯಿತು, ಆದರೆ ಗಾಳ ಒಳಕ್ಕೆ ಹೋಗಿ ಕಿವಿರಿನಿಂದ ರಕ್ತ ಬರುತ್ತಿದ್ದರೆ ಮಾತ್ರ ಬಿಡಬೇಡ, ಅದು ಬದುಕುವುದಿಲ್ಲ, ಸುಮ್ಮನೆ ನರಳುತ್ತದೆ ಎಂದು ಹೇಳಿಹೋದ. ಚಾಮರಾಜ ಒಬ್ಬನೇ ನಿಂತ. ಹೊಲದಾಚೆ ಕುರಿಗಳು, ಬೇಲಿಯ ತುಂಬ ಬಿಳಿಯ ಹೂವು. ಯಾರೂ ನೋಡುತ್ತಿರಲಿಲ್ಲ. ಬೀಸಿದರೆ ದಾರ ಹತ್ತರಲ್ಲಿ ಮೂರು ಸಲ ನೆಟ್ಟಗೆ ಬೀಳುತ್ತಿತ್ತು. ನೆಟ್ಟಗೆ ಬಿದ್ದಾಗಲೆಲ್ಲ ಅವನಿಗೆ ಮೀನು ಬೇಕು ಎನ್ನಿಸುತ್ತಿರಲಿಲ್ಲ, ಇನ್ನೊಮ್ಮೆ ಬೀಸಬೇಕು ಎನ್ನಿಸುತ್ತಿತ್ತು. ಎಷ್ಟೋ ವರ್ಷದ ಮೇಲೆ, ಯಾರಿಗೂ ಹೇಳಬೇಕಾಗಿಲ್ಲದ ಒಂದು ಗಂಟೆ. ವಿನ್ಸೆಂಟ್ ಕರೆಯುತ್ತಿದ್ದುದು ಇದಕ್ಕಾಗಿರಬಹುದೇ? ಸುಮ್ನೆ ಕೂತ್ಕೋ ಎಂದಿದ್ದನಲ್ಲ.

ಮೀನು ಕಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ದಾರವನ್ನು ಸುತ್ತಿಕೊಳ್ಳುತ್ತ ಬೇಲಿಯ ಹೂವು ನೋಡುತ್ತಿದ್ದಾಗ ಕೈಯಲ್ಲಿ ಭಾರ ಬಂತು. ಕಲ್ಲಿಗೆ ಸಿಕ್ಕಿಕೊಂಡಿತು ಎಂದುಕೊಂಡ. ಕಲ್ಲು ನಡೆಯತೊಡಗಿತು. ಹನ್ನೊಂದು ವರ್ಷ ಮೇಜಿನ ಬಳಿ ವರ್ಣಿಸಿದ ಯಾವುದೂ ಆಗ ನೆನಪಿಗೆ ಬರಲಿಲ್ಲ. ಉಚ್ಚೆ ಬಂದ ಹಾಗಾಗುತ್ತಿತ್ತು. ಇದನ್ನು ಯಾರೂ ಹೇಳುವುದಿಲ್ಲ. ಕೊನೆಗೆ ಬಲೆಯಲ್ಲಿ ಎತ್ತಿದಾಗ, ಮೊಣಕೈ ಉದ್ದದ, ಬೆಣ್ಣೆಬಣ್ಣದ ಹೊಟ್ಟೆಯ, ಮೈಮೇಲೆ ಕುಂಕುಮದ ಬೊಟ್ಟಿಟ್ಟಂಥ ಟ್ರೌಟು. ಗಾಳ ಗಂಟಲಲ್ಲಿತ್ತು. ಕಿವಿರಿನಿಂದ ರಕ್ತ ಎಳೆಎಳೆಯಾಗಿ ಬಲೆಗಿಳಿಯುತ್ತಿತ್ತು. ನೀರಿಗೆ ಬಿಟ್ಟು ತಿರುಗಿ ನೋಡದೆ ಹೋಗಬಹುದಿತ್ತು. ಬಗ್ಗಿಯೂ ಬಗ್ಗಿದ. ಆಮೇಲೆ ಚೀಲಕ್ಕೆ ಕೈ ಹಾಕಿ ಯೂಜೀನನ ಗಿಡ್ಡ ದೊಣ್ಣೆಯನ್ನು ಹುಡುಕಿ ತೆಗೆದ. ಮೀನಿನ ಕೊನೆಯ ಸಂಸ್ಕಾರ ಮಾಡುವುದರಿಂದ ಇಲ್ಲಿಯ ಗಾಳದವರು ಅದನ್ನು ಪಾದ್ರಿ ಎಂದು ಕರೆಯುತ್ತಾರೆ. ಆ ಮಾತನ್ನು ಹೇಳಿ ಅವನು ಎಷ್ಟೋ ಸಲ ಮೇಜಿನ ಸುತ್ತ ನಗಿಸಿದ್ದ. ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಎಡಗೈಯಲ್ಲಿ ಮೀನನ್ನು ಒತ್ತಿ ಹಿಡಿದ. ಮೊದಲ ಪೆಟ್ಟು ಸರಿಯಾಗಿ ಬೀಳಲಿಲ್ಲ. ಕಣ್ಣು ಮುಚ್ಚಿ ಹೊಡೆದಿದ್ದ. ತೆರೆದು ಹೊಡೆದ. ಅಂಗೈಯ ಕೆಳಗೆ ಒಂದು ನಡುಕ ತಲೆಯಿಂದ ಬಾಲದವರೆಗೆ ಹರಿದು ನಿಂತಿತು. ಅವನ ಜನ್ಮದಲ್ಲಿ ಅವನು ಕೊಂದ ಮೊದಲ ಪ್ರಾಣಿ. ಫೋಟೋ ತೆಗೆಯುವುದು ನೆನಪಾಗಲಿಲ್ಲ.

ಪ್ರಾರ್ಥನೆ ಮುಗಿಸಿ ಬಂದ ಯೂಜೀನ್, ಎರಡು ಪೌಂಡಿಗೆ ಸ್ವಲ್ಪ ಕಮ್ಮಿ, ಒಳ್ಳೆಯ ಮೀನು ಎಂದ. ತಿನ್ನುತ್ತೀಯಾ ಎಂದು ಕೇಳಿದ. ಇಲ್ಲ, ನಾನು ತಿನ್ನಲ್ಲ ಎಂದ ಚಾಮರಾಜ. ಕೊಂದ ಮೇಲೆ ಯಾರಾದರೂ ತಿನ್ನಬೇಕಲ್ಲ ಎಂದಷ್ಟೇ ಹೇಳಿ ಯೂಜೀನ್ ಅದರ ಹೊಟ್ಟೆ ಸೀಳಿ, ತೊಳೆದು, ಹಸಿ ಜೊಂಡುಹುಲ್ಲಿನಲ್ಲಿ ಸುತ್ತಿ ಕೊಟ್ಟ. ಡಬ್ಲಿನ್ನಿನ ದಾರಿ ಎಡಕ್ಕೆ. ಚಾಮರಾಜ ಕಾರನ್ನು ಬಲಕ್ಕೆ ತಿರುಗಿಸಿದ. ಸ್ಲೈಗೋಗೆ ಅರ್ಧ ಗಂಟೆ.

ಜೋಯ್ಸ್ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎಂಟು ತಿಂಗಳಲ್ಲಿ ಒಂದು ಫೋನನ್ನೂ ಮಾಡದವನು ಕೈಯಲ್ಲಿ ಹುಲ್ಲಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರೆ ಏನು ಕೇಳಬೇಕೋ ಅದನ್ನು ಅವಳು ಕೇಳಲಿಲ್ಲ. ಒಳಗೆ ಬನ್ನಿ, ಚಿತ್ರಾ ಚೆನ್ನಾಗಿದ್ದಾಳಾ, ಶೂ ಒದ್ದೆಯಾಗಿದೆ ಬಿಚ್ಚಿಡಿ ಎಂದಳು. ಪೊಟ್ಟಣ ಬಿಚ್ಚಿ ನೋಡಿ ಅಲ್ಲೇ ನಿಂತಳು. "ಅವರು ಒಂದು ದಿನವೂ ಮನೆಗೆ ಮೀನು ತಂದವರಲ್ಲ," ಎಂದಳು. "ಹಿಡಿದದ್ದೆಲ್ಲ ಬಿಟ್ಟು ಬರೂದು. ಸಿಹಿನೀರಿನ ಮೀನು ನಂಗೆ ಆಗೂದಿಲ್ಲ ಅಂತ ನಾನೇ ಹೇಳಿದ್ದೆ." ಹಾಗಾದರೆ ಬೇಡ, ನಾನು ಬೇರೆ ಯಾರಿಗಾದರೂ ಎಂದು ಚಾಮರಾಜ ಕೈ ಚಾಚಿದ. ಅವಳು ಅಷ್ಟರಲ್ಲಾಗಲೇ ಮೀನಿನ ಮೈಗೆ ಅಡ್ಡಡ್ಡ ಗೀರು ಹಾಕುತ್ತಿದ್ದಳು.

ಮಸಾಲೆ ಹಚ್ಚಿ ಅವಳು ಕಾವಲಿ ಇಟ್ಟಾಗ ಅವನು ಅಂಗಳಕ್ಕೆ ಹೋಗಲಿಲ್ಲ. ಎಣ್ಣೆಯ ವಾಸನೆಯಲ್ಲೇ ನಿಂತು, ಅವಳ ಬೆನ್ನಿಗೆ, ಎಲ್ಲವನ್ನೂ ಹೇಳಿದ. ಕೆವಿನ್, ಕುರ್ಚಿ, ಹನ್ನೊಂದು ವರ್ಷ. ಅದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತುಂಟು ಎಂದು ನಡುನಡುವೆ ಹೇಳುತ್ತಲೂ ಇದ್ದಳು. ಆ ಸೋಮವಾರದ ವಿಷಯ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ವಿನ್ಸೆಂಟ್ ಅಲ್ಲಿ ಹಾಗಿರುವಾಗ ನಾನಿಲ್ಲಿ ಮೂರು ಪೌಂಡಿನ ಮೀನು ಹಿಡಿದೆ ಜೋಯ್ಸ್, ಎಲ್ಲರನ್ನೂ ನಗಿಸಿದೆ ಎಂದು ಅವನು ಹೇಳಿ ಮುಗಿಸಿದ. ಅವಳು ಸೌಟಿನಿಂದ ಮೀನನ್ನು ಮಗುಚಿ ಹಾಕಿದಳು. ಅದು ಹದವಾಗುವವರೆಗೆ ನೋಡಿದಳು. ಉರಿ ಸಣ್ಣ ಮಾಡಿದಳು.

"ಅವತ್ತು ಸೋಮವಾರ ನಾನು ಹಾಲು ತರ್ಲಿಕ್ಕೆ ಹೋಗಿದ್ದೆ," ಎಂದಳು. "ಅಂಗಡಿಯ ಹುಡುಗಿ, ನಿಮ್ಮ ಯಜಮಾನ್ರು ಈಗ ಹೇಗಿದ್ದಾರೆ ಅಂತ ಕೇಳಿದ್ಳು. ಗ್ರ್ಯಾಂಡ್, ಆರಾಮಿದ್ದಾರೆ ಅಂದೆ. ಹಿ ಈಸ್ ಗ್ರ್ಯಾಂಡ್, ಥ್ಯಾಂಕ್ಸ್. ಹಾಲು ತಕೊಂಡು ಬಂದೆ."

ಅವನಿಗೆ ಅನ್ನ, ಬೇಳೆಸಾರು, ಮಜ್ಜಿಗೆಮೆಣಸು ಬಡಿಸಿ, ತನ್ನ ತಟ್ಟೆಗೆ ಮೀನನ್ನು ಹಾಕಿಕೊಂಡು ಎದುರಿಗೆ ಕೂತಳು. ಬೆರಳಲ್ಲಿ ಬೆನ್ನೆಲುಬನ್ನು ಬಿಡಿಸಿ, ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟುಕೊಳ್ಳುತ್ತ ತಿಂದಳು. ಮಣ್ಣಿನ ವಾಸನೆ ಉಂಟು, ಆದ್ರೂ ತಿನ್ಬಹುದು ಎಂದಳು. ಹೇಗೆ ಹಿಡಿದಿರಿ ಎಂದು ಕೇಳಿದಳು. ಹಿಡಿದದ್ದೇ ಗೊತ್ತಾಗಲಿಲ್ಲ, ಬೇಲಿಯ ಹೂವು ನೋಡ್ತಿದ್ದೆ ಎಂದ. ಯೂಜೀನನ ಟೊಪ್ಪಿ ನೀರಿಗೆ ಬಿದ್ದದ್ದನ್ನು ಹೇಳಿದಾಗ ಅವಳು ನಕ್ಕಳು, ನಕ್ಕು ಎಡಗೈಯಿಂದ ಕಣ್ಣು ಒರೆಸಿಕೊಂಡಳು.

ಮೊಬೈಲು ಮತ್ತೆ ಮೇಜಿನ ಮೇಲೆ ಗುಯ್ಗುಟ್ಟಿತು. ಕೆವಿನ್ನನ ಮೂರನೆಯ ಮೆಸೇಜು, ಫೋಟೋ ಎಲ್ಲಿ ಎಂದೇ. ಚಾಮರಾಜ ಅದನ್ನು ಜೋಯ್ಸಳಿಗೆ ತೋರಿಸಿ, ದೋಣಿಯಲ್ಲಿ ವಿನ್ಸೆಂಟ್ ಇರುವ ಫೋಟೋ ಇದೆಯೇ ಎಂದು ಕೇಳಿದ. ಅವಳು ಕೈ ತೊಳೆದು ಬಂದು ತನ್ನ ಫೋನಿನಲ್ಲಿ ತುಂಬ ಹಿಂದಕ್ಕೆ ಹೋಗಿ ಒಂದನ್ನು ಹುಡುಕಿ ಕಳಿಸಿದಳು. ಕೇಸರಿ ಲೈಫ್‌ಜಾಕೆಟ್ಟು, ಬಿಸಿಲಿಗೆ ಕಿರಿದಾದ ಕಣ್ಣು, ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ. ಮೀನಿಲ್ಲ. ಚಾಮರಾಜ ಅದನ್ನು ಕೆವಿನ್ನನಿಗೆ ಕಳಿಸಿದ. ಕೆಳಗೆ, ಇವನು ನನ್ನ ಗೆಳೆಯ ವಿನ್ಸೆಂಟ್, ಹೋದ ಸೆಪ್ಟೆಂಬರಿನಲ್ಲಿ ತೀರಿಕೊಂಡ, ನಾನು ಹೇಳಿದ ಮೀನುಗಳೆಲ್ಲ ಇವನವು, ನಾನು ನಿನ್ನೆಯವರೆಗೆ ಗಾಳ ಮುಟ್ಟಿದವನೇ ಅಲ್ಲ ಎಂದು ಬರೆದ. ಎರಡು ಸಲ ಓದಿದ. ಕ್ಷಮಿಸು ಎಂದು ಸೇರಿಸಿದ, ಅಳಿಸಿದ, ಮತ್ತೆ ಸೇರಿಸಿ ಕಳಿಸಿದ.

ಕೆವಿನ್ ಅದನ್ನು ಓದಿದ್ದು ಕಾಣಿಸಿತು. ಉತ್ತರ ಬರಲಿಲ್ಲ. ಜೋಯ್ಸ್ ಇನ್ನೊಂದು ಸೌಟು ಅನ್ನ ಹಾಕಿದಳು, ಅವನು ಬೇಡವೆನ್ನಲಿಲ್ಲ. ನಾಳೆ ಆಫೀಸಿಗೆ ಹೋಗುವಾಗ ಆ ಉದ್ದ ಮೇಜಿನ ಯಾವ ತುದಿಗೆ ನಿಲ್ಲಬೇಕಾಗುತ್ತದೋ ಎಂದು ಯೋಚಿಸಿದ. ಎಲ್ಲರೂ ಮತ್ತೆ ಮರ್ಯಾದೆಯಿಂದ ತಲೆಯಾಡಿಸುತ್ತಾರೇನೋ. ಆಡಿಸಲಿ. ಸಾರು ಬಿಸಿಯಾಗಿತ್ತು. ಹೊರಗೆ ತಂತಿಯ ಮೇಲೆ ಬಟ್ಟೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು.

ಆಗ ಫೋನ್ ರಿಂಗಾಯಿತು. ಮೆಸೇಜಲ್ಲ, ಕೆವಿನ್ನೇ. ಚಾಮರಾಜ ಜೋಯ್ಸಳ ಮುಖ ನೋಡಿದ. ಅವಳು ಮುಳ್ಳೊಂದನ್ನು ಬಾಯಿಂದ ತೆಗೆಯುತ್ತಿದ್ದವಳು, ತೆಗೊಳ್ಳಿ ಎಂದು ಗದ್ದದಿಂದ ಸನ್ನೆ ಮಾಡಿದಳು. ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು ಅವನು ಎಡಗೈಯಲ್ಲಿ ಫೋನನ್ನು ಕಿವಿಗಿಟ್ಟ. ಆ ಕಡೆ ಎಲ್ಲೋ ಒಂದು ಮಗು ಟಿವಿ ನೋಡುತ್ತಿರುವ ಸದ್ದು.

"ಸರಿ ಹಾಗಾದರೆ," ಎಂದ ಕೆವಿನ್, ಸಿಟ್ಟೋ ಬೇಸರವೋ ಗೊತ್ತಾಗದ ದನಿಯಲ್ಲಿ. "ಅವನ ಬಗ್ಗೆ ಹೇಳು."

ಚಾಮರಾಜನಿಗೆ ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಅವನಿಗೆ ಈ ತೊಂದರೆ ಬಂದಿರಲಿಲ್ಲ.

"ಅವನ ಊರು ಶಿರ್ವ ಅಂತ," ಎಂದ. "ಅಲ್ಲಿ ಸರೋವರ ಇಲ್ಲ."